ಹೊಳಪಿಲ್ಲದ ಹಕ್ಕಿಯ ಕಥೆ

ದಾಸವಾಳಕ್ಕೆ ಬರುವ ಸೂರಕ್ಕಿಯ ವಿಡಿಯೋ ಹಾಕಿ ‘ಹಮ್ಮಿಂಗ್‌ಬರ್ಡ್’ ಎಂದು ಬರೆಯುವವರು ವಾಟ್ಸಾಪ್ ಗ್ರೂಪುಗಳಲ್ಲಿ ಇದ್ದೇ ಇರುತ್ತಾರೆ. ಆದರೆ ಹಮ್ಮಿಂಗ್‌ಬರ್ಡ್ ನಮ್ಮ ದೇಶದ ಹಕ್ಕಿಯೇ ಅಲ್ಲ. ಅದರ ನೆಲೆ ಉತ್ತರ ಮತ್ತು ದಕ್ಷಿಣ ಅಮೆರಿಕ ಮಾತ್ರ.

ಅವುಗಳಲ್ಲೇ ‘ಹರ್ಮಿಟ್’ ಎಂಬ ಒಂದು ಗುಂಪಿದೆ. ಹರ್ಮಿಟ್ ಎಂದರೆ ಸನ್ಯಾಸಿ. ಮೆಕ್ಸಿಕೋದಿಂದ ಬ್ರೆಜಿಲ್ ದಾಟಿ ಹಬ್ಬಿದ ಬಿಸಿನಾಡಿನ ಕಾಡುಗಳ ನೆರಳಲ್ಲಿ ಇವುಗಳ ಬದುಕು. ಬಣ್ಣ ಕಂದು, ಇಲ್ಲವೇ ಮಾಸಲು ಹಸಿರು. ಉಳಿದ ಹಮ್ಮಿಂಗ್‌ಬರ್ಡ್‌ಗಳ ಥಳಥಳಿಸುವ ಹೊಳಪು ಇವಕ್ಕಿಲ್ಲ.

ಆ ಹೊಳಪೇ ಜೀವಕ್ಕೆ ಮುಳುವಾದ ಕಾಲವೊಂದಿತ್ತು. 1851ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಹಮ್ಮಿಂಗ್‌ಬರ್ಡ್‌ಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿ ಪ್ರದರ್ಶನಕ್ಕಿಟ್ಟ. ನೋಡಲು 75 ಸಾವಿರಕ್ಕೂ ಹೆಚ್ಚು ಜನ ಬಂದರು. ವಿಕ್ಟೋರಿಯಾ ರಾಣಿಯೂ ಬಂದಳು. ಅಚ್ಚರಿಯೆಂದರೆ, ಗೌಲ್ಡ್ ಆವರೆಗೆ ಜೀವಂತ ಹಮ್ಮಿಂಗ್‌ಬರ್ಡ್ ಒಂದನ್ನೂ ಕಂಡಿರಲಿಲ್ಲ. ಕಂಡದ್ದು 1857ರಲ್ಲಿ, ಅಮೆರಿಕಕ್ಕೆ ಹೋದಾಗ.

ಮುಂದೆ ಹೆಂಗಸರ ಟೋಪಿಗೆ ಗರಿ ಸಿಕ್ಕಿಸುವ ಫ್ಯಾಷನ್ ಜೋರಾಯಿತು. ಕೆಲವು ಟೋಪಿಗಳ ಮೇಲೆ ಇಡೀ ಹಕ್ಕಿಯೇ ಕೂತಿರುತ್ತಿತ್ತು. ಲಂಡನ್ನಿನ ಹರಾಜುಗಳಲ್ಲಿ ಹಮ್ಮಿಂಗ್‌ಬರ್ಡ್‌ಗಳ ಚರ್ಮ ಸಾವಿರಗಟ್ಟಲೆ ಮಾರಾಟವಾದವು. ಇದನ್ನು ವಿರೋಧಿಸಿ 1889ರಲ್ಲಿ ಮ್ಯಾಂಚೆಸ್ಟರ್ ಬಳಿ ಎಮಿಲಿ ವಿಲಿಯಮ್ಸನ್ ಎಂಬಾಕೆ ಹೆಂಗಸರ ಸಂಘ ಕಟ್ಟಿದಳು. 1902ರಲ್ಲಿ ಬ್ರಿಟಿಷ್ ಆಳ್ವಿಕೆಯ ಭಾರತದಿಂದ ಗರಿಗಳ ರಫ್ತಿಗೆ ನಿಷೇಧ ಬಂತು. ಗರಿಗಳ ಆಮದು ತಡೆಯುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1921ರಲ್ಲಿ.

ಟೋಪಿ ವ್ಯಾಪಾರಿಗೆ ಬೇಕಿದ್ದದ್ದು ಹೊಳಪು. ಸನ್ಯಾಸಿ ಹಕ್ಕಿಯ ಬೆಲೆ ಗೊತ್ತಿರುವುದು ಕಾಡಿಗೆ. ನಮ್ಮ ತೋಟಗಳಲ್ಲೂ ಬೆಳೆಸುವ, ಬಾಳೆಯಂಥ ಎಲೆಯ ಹೆಲಿಕೋನಿಯಾ ಗಿಡದ ತವರು ಹೆಚ್ಚಾಗಿ ಆ ಕಾಡುಗಳೇ. ಅದರ ಬಾಗಿದ ಹೂವಿಗೆ ಹರ್ಮಿಟ್‌ನ ಬಾಗಿದ ಕೊಕ್ಕು ಸರಿಯಾಗಿ ಹೊಂದುತ್ತದೆ. ಹಾಲಿನ ಗಾಡಿ ದಿನವೂ ಅದೇ ದಾರಿಯಲ್ಲಿ ಊರೂರು ಸುತ್ತುವಂತೆ, ಈ ಹಕ್ಕಿಯೂ ಗೊತ್ತಾದ ದಾರಿಯಲ್ಲಿ ಹೂವಿಂದ ಹೂವಿಗೆ ಸುತ್ತುತ್ತದೆ. ಮಕರಂದ ಕುಡಿಯುತ್ತಲೇ ಪರಾಗ ದಾಟಿಸುತ್ತದೆ. ಗೂಡು ಕಟ್ಟುವುದೂ ಎಲೆಯ ತುದಿಯ ಅಡಿಯಲ್ಲಿ, ಜೇಡರ ಬಲೆಯ ನೂಲಿನಿಂದ ಅಂಟಿಸಿ.

ಟೋಪಿಯ ಕಾಟ ಮುಗಿಯಿತು, ಕೊಡಲಿಯದು ಮುಗಿದಿಲ್ಲ. ಬ್ರೆಜಿಲ್ಲಿನ ಅಟ್ಲಾಂಟಿಕ್ ಕಾಡು ಬಹುಪಾಲು ಕಡಿದುಹೋಗಿ, ಅಲ್ಲಿನ ಕೊಕ್ಕೆಕೊಕ್ಕಿನ ಹರ್ಮಿಟ್ ಅಪಾಯದಲ್ಲಿದೆ. ಗರಿ ಮಾರಬಾರದೆಂದು ಕಾನೂನು ಮಾಡಲು ಮನುಷ್ಯನಿಗೆ ಹತ್ತಾರು ವರ್ಷ ಹಿಡಿಯಿತು. ನೆರಳು ಕಡಿಯಬಾರದೆಂದು ಕಲಿಯಲು ಅಷ್ಟು ಕಾಲ ಈ ಹಕ್ಕಿಗಿಲ್ಲ.