ಕಾರಂತರ ದೆಹಲಿ, ನನ್ನ ಮುನಿರ್ಕಾ

ದೆಹಲಿಗೆ ಬಂದ ಮೊದಲ ವಾರ ಮುನಿರ್ಕಾದ ಗಲ್ಲಿಯಲ್ಲಿ ತರಕಾರಿಯವನ ಕೈಗೆ ಐನೂರರ ನೋಟು ಕೊಟ್ಟೆ. 'ಛುಟ್ಟಾ' ಕೇಳಿದ. ಪುಸ್ತಕದಿಂದ ಹಿಂದಿ ಕಲಿತಿದ್ದ ನನಗೆ ಅದು ಚಿಲ್ಲರೆ ಎಂದು ಹೊಳೆಯಲು ಒಂದು ನಿಮಿಷ ಬೇಕಾಯಿತು. ರೂಮಿಗೆ ಬಂದ ಮೇಲೆ ನಗು ಬಂತು. ಬಾಕಿ, ಖರ್ಚು, ಬಜಾರು ಎಲ್ಲ ನಮ್ಮೂರಲ್ಲೂ ಇರುವ ಪದಗಳೇ. ಪಾರಸಿಯ ಬೆನ್ನು ಹತ್ತಿ ಎಷ್ಟೋ ಕಾಲದ ಹಿಂದೆ ಕನ್ನಡಕ್ಕೆ ಬಂದು ನೆಲೆನಿಂತವು. ಪದಗಳು ಅಷ್ಟು ಸುಲಭವಾಗಿ ಒಗ್ಗಿಕೊಂಡ ಹಾಗೆ ಮನುಷ್ಯರು ಒಗ್ಗಿಕೊಳ್ಳುವುದಿಲ್ಲ.

ಆರು ತಿಂಗಳ ಅನುವಾದದ ಕೆಲಸಕ್ಕೆ ಒಬ್ಬಂಟಿಯಾಗಿ ಬಂದಿದ್ದೆ. ಮೆಟ್ರೋದಲ್ಲಿ ಅಮ್ಮನ ಫೋನು ಬಂದರೆ ಪಕ್ಕದವರು ತಿರುಗಿ ನೋಡುತ್ತಾರೆಂದು ದನಿ ತಗ್ಗಿಸುತ್ತಿದ್ದೆ. ನನಗಿಂತ ಮೊದಲು ಇಲ್ಲಿಗೆ ಬಂದ ಕನ್ನಡಿಗರು ಏನು ಮಾಡಿದರು ಎಂದು ಹುಡುಕತೊಡಗಿದ್ದು ಆಗಲೇ. ಹಾಗೆ ಮತ್ತೆ ಸಿಕ್ಕವರು ಬಿ.ವಿ. ಕಾರಂತ.

ಬಂಟ್ವಾಳದ ಕಡೆಯ ಹುಡುಗ ಗುಬ್ಬಿ ಕಂಪನಿ ಸೇರಿದರು. ಗುಬ್ಬಿ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಎಂ.ಎ. ಮಾಡಿ, ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಬಂದರು. ಅವರು ನನ್ನ ಹಾಗೆ ಒಂಟಿಯಾಗಿರಲಿಲ್ಲ. ಪತ್ನಿ ಪ್ರೇಮಾ ಇಲ್ಲಿ ಶಿಕ್ಷಕಿಯಾಗಿ ದುಡಿದು ಅವರನ್ನು ಓದಿಸಿದರು. ಊರಿಗೆ ಒಗ್ಗಿಕೊಂಡವರ ಕತೆಯಲ್ಲಿ ಇಂಥ ಸಂಬಳದ ಲೆಕ್ಕ ಬರುವುದು ಕಡಿಮೆ.

ಗಿರೀಶ ಕಾರ್ನಾಡರ 'ತುಘಲಕ್' 1964ರಲ್ಲಿ ಕನ್ನಡದಲ್ಲಿ ಬಂತು. 1327ರ ಸುಮಾರಿಗೆ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಸಾಗಿಸಹೊರಟ ಸುಲ್ತಾನನ ನಾಟಕ ಅದು. ಅವನು ಕಟ್ಟಿಸಿದ ಜಹಾನ್‌ಪನಾದ ಅವಶೇಷ ನನ್ನ ರೂಮಿನಿಂದ ಕೆಲವೇ ಕಿಲೋಮೀಟರು. ಅದನ್ನು ಹಿಂದೂಸ್ತಾನಿಗೆ ತಂದವರು ಕಾರಂತರು. 1966ರಲ್ಲಿ ಓಂ ಶಿವಪುರಿ ನಿರ್ದೇಶನದಲ್ಲಿ ಅದು ದೆಹಲಿಯ ರಂಗಕ್ಕೇರಿತು. ದೆಹಲಿಯ ಸುಲ್ತಾನನ ಕತೆಯನ್ನು ದೆಹಲಿಗೆ ಅದರದೇ ಮಾತಿನಲ್ಲಿ ತಲುಪಿಸಿದ್ದು ಕನ್ನಡದ ಅನುವಾದಕ!

ಇದು ಊರಿನ ಮಾತನ್ನು ತಾನು ಕಲಿಯುವ ಅರ್ಧ. ಇನ್ನರ್ಧ ಆಮೇಲೆ ಬಂತು. 1969ರಿಂದ 1972ರವರೆಗೆ ಸರ್ದಾರ್ ಪಟೇಲ್ ವಿದ್ಯಾಲಯದ ಮಕ್ಕಳಿಗೆ ನಾಟಕ ಕಲಿಸಿ ಕಾರಂತರು ಬೆಂಗಳೂರಿಗೆ ಮರಳಿದರು. 1977ರಲ್ಲಿ ನಾಟಕ ಶಾಲೆಯ ನಿರ್ದೇಶಕರಾಗಿ ಮತ್ತೆ ಬಂದರು. 1979ರಲ್ಲಿ ರಘುವೀರ ಸಹಾಯ್ ಅವರ ಹಿಂದಿ 'ಮ್ಯಾಕ್‌ಬೆತ್' ಕೈಗೆತ್ತಿಕೊಂಡು, ಅದನ್ನು ಯಕ್ಷಗಾನದ ಹೆಜ್ಜೆ-ತಾಳದಲ್ಲಿ ಆಡಿಸಿದರು. ಹೆಸರು 'ಬರ್ನಮ್ ವನ್'. ಶೇಕ್ಸ್‌ಪಿಯರ್‌ನ ಕತೆ, ಹಿಂದಿಯ ಮಾತು, ಕುಣಿತ ಮಾತ್ರ ಕರಾವಳಿಯದು. ಎರಡು ದಶಕ ಊರಿಂದೂರಿಗೆ ಓಡಾಡಿದರೂ ಯಕ್ಷಗಾನದ ಹೆಜ್ಜೆ ಅವರ ಕಾಲಿನಲ್ಲೇ ಇತ್ತು.

ಒಗ್ಗಿಕೊಳ್ಳುವುದೆಂದರೆ ನಮ್ಮದನ್ನು ಅಡಗಿಸಿಕೊಂಡು ಅವರ ಹಾಗೆ ಮಾತಾಡುವುದು ಎಂದುಕೊಂಡಿದ್ದೆ. ಕಾರಂತರು ದೆಹಲಿಯ ಮಾತನ್ನು ಬಹಳ ಚೆನ್ನಾಗಿ ಕಲಿತರು, ತಮ್ಮದನ್ನು ಅದರೊಳಗೇ ಕೇಳಿಸಿದರು. ಅವರಿಗಿದ್ದ ಪ್ರತಿಭೆ ನನಗಿಲ್ಲ, ರಂಗವೂ ಇಲ್ಲ. ಇರುವುದು ಒಂದು ಫೋನು, ಒಂದು ತಾರಸಿ.

ಕೆಲಸವನ್ನು ಇನ್ನಾರು ತಿಂಗಳು ಮುಂದುವರಿಸುತ್ತೀರಾ ಎಂದು ಕೇಳಿದ್ದಾರೆ. ಹೂಂ ಎಂದಿದ್ದೇನೆ. ನಿನ್ನೆ ರಾತ್ರಿ ತಾರಸಿಯಲ್ಲಿ ನಿಂತು ಅಮ್ಮನಿಗೆ ಅದನ್ನು ಹೇಳಿದೆ, ದನಿ ತಗ್ಗಿಸದೆ. ಬಟ್ಟೆ ತೆಗೆಯಲು ಬಂದ ಕೆಳಗಿನ ಮನೆಯ ಆಂಟಿ ನಿಂತು ಕೇಳಿದರು, ಇದು ಯಾವ ಭಾಷೆ ಎಂದು. ಹೇಳಿದೆ.