ಗದುಗಿನ ವೀರೇಶ್ವರ ಪುಣ್ಯಾಶ್ರಮ ಮತ್ತು ನೊಂದ ಬಾಲ್ಯದ ಪುನರುಜ್ಜೀವನ

ಬಾಲ್ಯದಲ್ಲಿ ಬಿದ್ದ ಪೆಟ್ಟು ದೇಹದಲ್ಲಿ ಮಾಯಬಹುದು. ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ತಂದೆತಾಯಿಗಳ ಅಗಲಿಕೆ, ಕ್ಷಾಮ, ಸಾಂಕ್ರಾಮಿಕ ರೋಗ, ಅಂಗವೈಕಲ್ಯ, ಅದರ ಬೆನ್ನಿಗೇ ಬರುವ ಜನರ ತಿರಸ್ಕಾರ ಇವು ಎಳೆಯ ಜೀವವನ್ನು ಕುಗ್ಗಿಸುವ ಕಾರಣಗಳು. ಇಂತಹ ಮಗುವಿಗೆ ಅನ್ನವನ್ನಿಕ್ಕುವುದು ದೊಡ್ಡ ಪುಣ್ಯವೇ ಸರಿ. ಆದರೆ ಅನ್ನದಿಂದ ಮಾತ್ರವೇ ಅದು ತಲೆಯೆತ್ತಿ ನಿಲ್ಲಲಾರದು. ಮತ್ತೇನು ಬೇಕು ಎಂಬ ಪ್ರಶ್ನೆಗೆ ಉತ್ತರ ಕರ್ನಾಟಕದ ಇತಿಹಾಸದಲ್ಲಿ ದೊರೆಯುವ ಸ್ಪಷ್ಟವಾದ ಉತ್ತರಗಳಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಒಂದು.

ಈ ಸಂಸ್ಥೆಯ ಮಹತ್ವವನ್ನು ಅರಿಯಬೇಕಾದರೆ ಅದು ಹುಟ್ಟಿದ ಕಾಲವನ್ನು ಮೊದಲು ನೆನೆಯಬೇಕು. 1876-78ರ ಭೀಕರ ಬರವು ದಕ್ಷಿಣ ಭಾರತವನ್ನೆಲ್ಲ ತತ್ತರಗೊಳಿಸಿತ್ತು. ಮುಂಬಯಿ ಕರ್ನಾಟಕದ ಜಿಲ್ಲೆಗಳು ಅದರ ಉಗ್ರ ಸ್ವರೂಪವನ್ನು ಕಂಡಿದ್ದವು. ಆ ನೋವು ಆರುವ ಮುನ್ನವೇ 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಧಾರವಾಡ ಸೀಮೆಗೂ ಹರಡಿತು. 1918ರ ಇನ್‌ಫ್ಲುಯೆಂಜಾ ಮತ್ತೊಂದು ಸುತ್ತಿನ ಮರಣವನ್ನು ತಂದಿತು. ಪ್ರತಿಯೊಂದು ವಿಪತ್ತೂ ತನ್ನ ಹಿಂದೆ ಅನಾಥ ಶಿಶುಗಳನ್ನು ಬಿಟ್ಟು ಹೋಗುತ್ತಿತ್ತು. ಸಿಡುಬಿನಿಂದ ಸಾವು ತಪ್ಪಿಸಿಕೊಂಡ ಅನೇಕ ಮಕ್ಕಳು ಕಣ್ಣುಗಳನ್ನು ಕಳೆದುಕೊಳ್ಳುತ್ತಿದ್ದರು. ಕುರುಡು ಮಗುವನ್ನು ಪೂರ್ವಕರ್ಮದ ಫಲವೆಂದು ಬಗೆಯುವ ಜನರಿಗೆ ಕೊರತೆಯಿರಲಿಲ್ಲ. ಬಡವರ ಮನೆಯಲ್ಲಿ ಹುಟ್ಟಿದ ಅಂಧ ಬಾಲಕನಿಗೆ ಕಾದಿರುತ್ತಿದ್ದುದು ಬಹುಮಟ್ಟಿಗೆ ಮನೆಯ ಮೂಲೆ, ಇಲ್ಲವೆ ಗುಡಿಯ ಮೆಟ್ಟಿಲು.

ಅಂಧರ ಶಿಕ್ಷಣದ ಪ್ರಯತ್ನಗಳು ಭಾರತದಲ್ಲಿ ಆಗ ಆರಂಭವಾಗಿದ್ದವು. 1887ರಲ್ಲಿ ಅಮೃತಸರದಲ್ಲಿ, 1901ರಲ್ಲಿ ಮೈಸೂರಿನಲ್ಲಿ ಶಾಲೆಗಳು ತೆರೆದವು. ಆದರೆ ಹಾನಗಲ್ಲು, ಹಾವೇರಿ, ರೋಣ ಸೀಮೆಯ ಹಳ್ಳಿಗಳಿಗೆ ಆ ಶಾಲೆಗಳು ಬಹುದೂರ. ಅಲ್ಲಿಯ ಮಕ್ಕಳಿಗೆ ಬೇಕಾಗಿದ್ದುದು ತಮ್ಮ ಊರಿನ ಬಾಗಿಲಿಗೇ ಬರುವ ಶಾಲೆ. ಅದನ್ನು ಕಟ್ಟಿದವರು ಸ್ವತಃ ಆ ಕತ್ತಲೆಯನ್ನು ಉಂಡವರೇ ಆಗಿದ್ದರು.

ಗಾನಯೋಗಿ ಪಂಚಾಕ್ಷರ ಗವಾಯಿಗಳವರು 1892ರಲ್ಲಿ, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಗದಿಗೆಯ್ಯ. ಅವರೂ ಅವರ ಅಣ್ಣನೂ ಹುಟ್ಟುಕುರುಡರು. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಆದರೆ ಇಬ್ಬರ ಕಂಠದಲ್ಲಿಯೂ ಗಾನವಿತ್ತು. ಅದನ್ನು ಗುರುತಿಸಿದವರು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು. 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ 1909ರಲ್ಲಿ ಮಲಪ್ರಭೆಯ ದಡದ ಶಿವಯೋಗಮಂದಿರದ ಸ್ಥಾಪನೆಗೂ ಕಾರಣರಾದ ಆ ಪೂಜ್ಯರು ಈ ಬಾಲಕರಲ್ಲಿ ಕಂಡದ್ದು ಇಲ್ಲದ ಕಣ್ಣನ್ನಲ್ಲ, ಇದ್ದ ಕಂಠವನ್ನು. ಇತಿಹಾಸದ ದೃಷ್ಟಿಯಿಂದ ಇದೇ ಮುಖ್ಯವಾದ ತಿರುವು. ಮರುಕಪಡುವವನು ಮಗುವಿನ ಕೊರತೆಯನ್ನು ನೋಡುತ್ತಾನೆ. ಗುರುವಾದವನು ಅದರ ಶಕ್ತಿಯನ್ನು ನೋಡುತ್ತಾನೆ.

ಶಿವಯೋಗಿಗಳ ಕೃಪೆಯಿಂದ ಗದಿಗೆಯ್ಯನವರಿಗೆ ಕ್ರಮಬದ್ಧವಾದ ಶಿಕ್ಷಣ ದೊರೆಯಿತು. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಅಭ್ಯಾಸವಾಯಿತು. ಮುಂದೆ ನೀಲಕಂಠಬುವಾ ಮಿರಜಕರರಲ್ಲಿಯೂ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿಯೂ ಹಿಂದೂಸ್ತಾನಿ ಪದ್ಧತಿಯ ಪಾಠ ನಡೆಯಿತು. ಮಠದ ಆಶ್ರಯದಲ್ಲಿ ಬೆಳೆದ ಅಂಧ ಬಾಲಕನು ಮುಸಲ್ಮಾನ ಉಸ್ತಾದರ ಮುಂದೆ ಕುಳಿತು ಕಲಿತನೆಂಬುದು ಗಮನಾರ್ಹ. ಹೀಗೆ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಗವಾಯಿಗಳವರು ಆ ವಿದ್ಯೆಯನ್ನು ಕೀರ್ತಿಗಾಗಿ ಬಳಸಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಬಾಲಕರನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ಕಟ್ಟಿದರು.

ಈ ಪಾಠಶಾಲೆಗೆ ಮೊದಲು ಸ್ವಂತ ಕಟ್ಟಡವಿರಲಿಲ್ಲ. ಊರಿಂದೂರಿಗೆ ಸಾಗುವುದು, ಬಿಡಾರ ಹೂಡುವುದು, ಅಲ್ಲಿಯೇ ಪಾಠ ನಡೆಸುವುದು, ಭಕ್ತರು ನೀಡಿದ ದವಸಧಾನ್ಯಗಳಲ್ಲಿ ಪ್ರಸಾದ ಸಿದ್ಧಪಡಿಸುವುದು ಅದರ ಕ್ರಮವಾಗಿತ್ತು. ಮೇಲ್ನೋಟಕ್ಕೆ ಇದು ಭಿಕ್ಷಾಟನೆಯಂತೆ ಕಾಣಬಹುದು. ಒಳಹೊಕ್ಕು ನೋಡಿದರೆ ಭೇದ ತಿಳಿಯುತ್ತದೆ. ಗುಡಿಯ ಮೆಟ್ಟಿಲ ಮೇಲೆ ಕೈಚಾಚಿದ ಬಾಲಕನು ಊರಿಗೆ ಹೊರೆ. ಅದೇ ಬಾಲಕನು ಶಿವಕೀರ್ತನೆಯಲ್ಲಿ ತಂಬೂರಿ ಹಿಡಿದು ಕುಳಿತಾಗ ಊರೇ ಅವನಿಗೆ ಋಣಿ. ಕೊಡುವವರು ಕಾಳು ಕೊಟ್ಟರು, ಕೊಂಡವರು ಗಾನ ಕೊಟ್ಟರು. ಕಾಯಕ ಮತ್ತು ದಾಸೋಹ ಎಂಬ ಶರಣರ ಎರಡು ತತ್ತ್ವಗಳು ಇಲ್ಲಿ ಒಂದನ್ನೊಂದು ಹಿಡಿದು ನಿಂತಿವೆ. ಮಗುವಿನ ಮಾನವನ್ನು ಉಳಿಸಿದ್ದು ಈ ಕೊಡುಕೊಳೆಯೇ.

ಸಂಗೀತವನ್ನೇ ಸಾಧನವಾಗಿ ಆರಿಸಿಕೊಂಡುದರಲ್ಲಿಯೂ ವಿವೇಕವಿದೆ. ಭಾರತೀಯ ಸಂಗೀತವು ಮುಖ್ಯವಾಗಿ ಕಿವಿಯಿಂದ ಕಲಿಯುವ ವಿದ್ಯೆ. ಗುರು ಹಾಡಿದುದನ್ನು ಶಿಷ್ಯನು ಮರುಹಾಡಬೇಕು. ಅಲ್ಲಿ ಪುಸ್ತಕದ ಅವಲಂಬನ ಕಡಿಮೆ. ಹೀಗಾಗಿ ಕಣ್ಣುಳ್ಳವನಿಗೂ ಕಣ್ಣಿಲ್ಲದವನಿಗೂ ಸಮಾನವಾದ ಪೀಠ ದೊರೆಯುತ್ತದೆ. ಬೆಳಗಿನ ಸಾಧನೆ, ಪೂಜೆ, ಪ್ರಸಾದ, ಪಾಠ ಎಂಬ ನಿಯತವಾದ ದಿನಚರಿಯು ನೆಲೆ ತಪ್ಪಿದ ಮಗುವಿಗೆ ನೆಲೆಯನ್ನು ಕೊಡುತ್ತದೆ. ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಹೇಳಿಕೊಡುವುದು ಗುರುಕುಲದ ಸಹಜ ಅಂಗ. ತನ್ನಂತೆಯೇ ನೊಂದ ಇನ್ನೊಬ್ಬನಿಗೆ ಆಸರೆಯಾದಾಗ ಹಿರಿಯನ ನೋವೂ ಹಗುರವಾಗುತ್ತದೆ.

ಈ ಮಾತಿಗೆ ಶ್ರೇಷ್ಠ ನಿದರ್ಶನ ಪಂಡಿತ ಪುಟ್ಟರಾಜ ಗವಾಯಿಗಳವರು. 1914ರ ಮಾರ್ಚ್ 3ರಂದು ಹಾವೇರಿ ಬಳಿಯ ದೇವಗಿರಿಯಲ್ಲಿ ಹುಟ್ಟಿದ ಅವರು ಹಸುಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡರು. ಎಳವೆಯಲ್ಲಿಯೇ ಹೆತ್ತವರ ಆಸರೆಯೂ ತಪ್ಪಿತು. ಸಾಕಿದವರು ಸೋದರಮಾವ ಚಂದ್ರಶೇಖರಯ್ಯನವರು. ಮಾವನ ಹಾರ್ಮೋನಿಯಮ್ಮಿನ ಮೇಲೆ ಬಾಲಕನು ಬೆರಳಾಡಿಸುತ್ತಿದ್ದುದನ್ನು ಕಂಡು ಅವರು ಅವನನ್ನು ಪಂಚಾಕ್ಷರ ಗವಾಯಿಗಳವರ ಸನ್ನಿಧಿಗೆ ತಂದೊಪ್ಪಿಸಿದರು. ಮುಂದೆ ಆ ಬಾಲಕನು ಗಾಯನದಲ್ಲಿಯೂ ಹಲವು ವಾದ್ಯಗಳಲ್ಲಿಯೂ ಪ್ರಭುತ್ವ ಪಡೆದು, ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಕೃತಿರಚನೆ ಮಾಡಿದುದು ಸರ್ವವಿದಿತ.

ಸಂಚಾರಿ ಶಾಲೆಯು ಕೊನೆಗೆ ಗದುಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. ಆದರೆ ನಿಜವಾದ ಪರೀಕ್ಷೆ ಇನ್ನೂ ಉಳಿದಿತ್ತು. 1944ರಲ್ಲಿ ಪಂಚಾಕ್ಷರ ಗವಾಯಿಗಳವರು ಲಿಂಗೈಕ್ಯರಾದರು. ಅದು ಎರಡನೆಯ ಮಹಾಯುದ್ಧದ ಕಾಲ. ಧಾನ್ಯದ ಅಭಾವ ಎಲ್ಲೆಡೆ ಇತ್ತು. ಒಮ್ಮೆ ತಂದೆತಾಯಿಗಳನ್ನು ಕಳೆದುಕೊಂಡಿದ್ದ ಮಕ್ಕಳು ಎರಡನೆಯ ಬಾರಿ ಅನಾಥರಾಗುವ ಗಳಿಗೆ. ಒಬ್ಬ ಮಹಾತ್ಮನನ್ನೇ ನಂಬಿದ ಸಂಸ್ಥೆಯಾಗಿದ್ದರೆ ಅಂದೇ ಚದುರಿಹೋಗುತ್ತಿತ್ತು. ಹಾಗಾಗಲಿಲ್ಲ. ಮೂವತ್ತರ ಹರೆಯದ ಪುಟ್ಟರಾಜರು ಹೊಣೆ ಹೊತ್ತರು. ಆಶ್ರಮದ ನಾಟ್ಯಸಂಘವು ಊರೂರುಗಳಲ್ಲಿ ನಾಟಕವಾಡಿ ಮಕ್ಕಳ ಅನ್ನಕ್ಕೆ ಹಣ ಕೂಡಿಸಿತು. ಭಕ್ತರು ಪೂಜ್ಯರಿಗೆ ನೆರವೇರಿಸುತ್ತಿದ್ದ ತುಲಾಭಾರಗಳ ಹಣವೂ ಆಶ್ರಮದ ದಾಸೋಹಕ್ಕೇ ಸಂದಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತವರು ಪುಟ್ಟರಾಜರಾದರೂ ತೂಗಿದ್ದು ಆ ಮಕ್ಕಳ ಹಸಿವು.

ಪುಣ್ಯಾಶ್ರಮವು ಅಂಧರಿಗೆ ಮಾತ್ರ ಮೀಸಲಾಗಿರಲಿಲ್ಲ. ಯಲಿವಾಳದಲ್ಲಿ ಜನಿಸಿದ ಬಸವರಾಜ ರಾಜಗುರು ಅವರು ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವರು. ಪಂಚಾಕ್ಷರ ಗವಾಯಿಗಳವರು ಅವರನ್ನು ಶಿಷ್ಯನಾಗಿ ಸ್ವೀಕರಿಸಿದರು. 1936ರಲ್ಲಿ ವಿಜಯನಗರದ ಆರನೆಯ ಶತಮಾನೋತ್ಸವದ ಸಂದರ್ಭದಲ್ಲಿ ಹಂಪಿಯಲ್ಲಿ ಆ ಕಿಶೋರನು ಹಾಡಿದಾಗ ತಬಲಾ ನುಡಿಸಿದವರು ಸ್ವತಃ ಗುರುಗಳೇ! ಶಿಷ್ಯನನ್ನು ಮುಂದೆ ಕೂರಿಸಿ ಗುರು ಪಕ್ಕವಾದ್ಯಕ್ಕೆ ಕುಳಿತ ಈ ಒಂದು ಪ್ರಸಂಗವು ಆ ಪರಂಪರೆಯ ಹೃದಯವನ್ನೇ ತೆರೆದು ತೋರುತ್ತದೆ. ತೊಗಲುಗೊಂಬೆಯಾಟದ ಬಡ ಕುಟುಂಬದಲ್ಲಿ 1953ರಲ್ಲಿ ಜನಿಸಿದ ಎಂ. ವೆಂಕಟೇಶಕುಮಾರ್ ಅವರು ಎಳೆಯ ವಯಸ್ಸಿನಲ್ಲಿಯೇ ಆಶ್ರಮವನ್ನು ಸೇರಿ, ಪುಟ್ಟರಾಜರ ಬಳಿ ವರ್ಷಗಟ್ಟಲೆ ಕಲಿತು ದೇಶವಿಖ್ಯಾತರಾದರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆದರೂ ಕೀರ್ತಿವಂತರ ಹೆಸರುಗಳಿಂದಲೇ ಈ ಸಂಸ್ಥೆಯನ್ನು ಅಳೆಯುವುದು ಸರಿಯಲ್ಲ. ಕಣ್ಣಿಲ್ಲದವರೆಲ್ಲರಿಗೂ ಗಾನಪ್ರತಿಭೆ ತಾನಾಗಿಯೇ ಇರುವುದೆಂಬ ನಂಬಿಕೆ ತಪ್ಪು. ಅವರಿಗೆ ಸಂಗೀತವೊಂದೇ ಗತಿಯೆಂಬ ತೀರ್ಮಾನ ಇನ್ನೂ ದೊಡ್ಡ ತಪ್ಪು. ಬ್ರೈಲ್ ಲಿಪಿಯೂ ಶಾಲಾಶಿಕ್ಷಣವೂ ಬೇರೆ ಬಾಗಿಲುಗಳನ್ನು ತೆರೆದಿವೆ. ಆಶ್ರಮದ ಸಾರ್ಥಕ್ಯವಿರುವುದು ಹೆಸರು ಮಾಡದ ಶಿಷ್ಯರಲ್ಲಿ: ಪುರಾಣ ಪ್ರವಚನಗಳಲ್ಲಿ ಹಾಡುತ್ತ, ಹಾರ್ಮೋನಿಯಂ ತಬಲಾ ನುಡಿಸುತ್ತ, ಮಕ್ಕಳಿಗೆ ಸ್ವರಪಾಠ ಹೇಳುತ್ತ ಸ್ವಂತ ದುಡಿಮೆಯಲ್ಲಿ ಬಾಳಿದವರಲ್ಲಿ.

ಆಧುನಿಕ ಮನಶ್ಶಾಸ್ತ್ರವೂ ಇದಕ್ಕೆ ಹತ್ತಿರವಾದ ಮಾತನ್ನೇ ಆಡುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಶಿಶುಗಳನ್ನು ವಿದುಷಿ ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹ ಮೊದಲಾದ ಹಲವು ಸಂಕಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ ಬಾಳಿದರು. ಅವರಿಗೆ ನೆರವಾದುವುಗಳಲ್ಲಿ ಎದ್ದು ಕಂಡದ್ದು, ಕೈಬಿಡದ ಒಬ್ಬ ಹಿರಿಯನ ಪ್ರೀತಿ, ತನ್ನದೆನ್ನಬಹುದಾದ ಒಂದು ಕೌಶಲ, ಕುಟುಂಬದಾಚೆಗಿನ ಸಮುದಾಯದ ಆಸರೆ. ಗುರು, ವಿದ್ಯೆ, ಭಕ್ತಸಮೂಹ ಎಂಬ ಮೂರು ಹೆಸರುಗಳಲ್ಲಿ ಪಂಚಾಕ್ಷರ ಗವಾಯಿಗಳವರು ಇವನ್ನೇ ದಶಕಗಳ ಮೊದಲು ಆಚರಣೆಗೆ ತಂದಿದ್ದರು.

2010ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದ ಪುಟ್ಟರಾಜ ಗವಾಯಿಗಳವರು ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಅವರ ತರುವಾಯ ಕಲ್ಲಯ್ಯಜ್ಜನವರು ಆಶ್ರಮದ ಹೊಣೆಯನ್ನು ಹೊತ್ತರು. ಕತ್ತಲೆಯಿಂದ ಬಂದ ಒಬ್ಬ ಬಾಲಕನಿಗೆ ಕೈಹಿಡಿದವರು ಕುಮಾರ ಶಿವಯೋಗಿಗಳು. ಆ ಬಾಲಕನು ಇನ್ನೊಬ್ಬನ ಕೈಹಿಡಿದನು. ಅವನು ನೂರಾರು ಮಕ್ಕಳ ಕೈಹಿಡಿದನು. ಆ ಕೈಗಳ ಹಿಂದೆ ತಮ್ಮ ಹಗೇವಿನಿಂದ ಕಾಳು ತೆಗೆದುಕೊಟ್ಟ, ಹೆಸರು ಬರೆಯಿಸದ ಸಾವಿರಾರು ಒಕ್ಕಲಿಗರೂ ಗೃಹಿಣಿಯರೂ ಇದ್ದಾರೆ. ನೊಂದ ಮಗುವನ್ನು ಎತ್ತಿ ನಿಲ್ಲಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ, ಒಂದು ತಲೆಮಾರಿಗೆ ಮುಗಿಯುವ ಕೆಲಸವೂ ಅಲ್ಲ ಎಂಬುದೇ ಪುಣ್ಯಾಶ್ರಮದ ಇತಿಹಾಸವು ನಾಡಿಗೆ ನೀಡುವ ಬೋಧೆ.