ಡಿಜಿಟಲ್ ಕ್ಯಾಮೆರಾಗಳಲ್ಲಿ ಎಂ೪೨ ಮಸೂರಗಳ ಬಳಕೆ

ಎಂ೪೨ ಎಂಬುದು ೩೫ ಮಿ.ಮೀ. ಫಿಲ್ಮ್‌ನ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಮಸೂರವನ್ನು (ಲೆನ್ಸ್) ತಿರುಪಿನಂತೆ ತಿರುಗಿಸಿ ಜೋಡಿಸುವ ಒಂದು ವ್ಯವಸ್ಥೆ. ತಿರುಪಿನ ವ್ಯಾಸ ೪೨ ಮಿ.ಮೀ., ಸುತ್ತುಗಳ ನಡುವಿನ ಅಂತರ ೧ ಮಿ.ಮೀ. ಈ ಮಸೂರಗಳಲ್ಲಿ ಫೋಕಸ್ ಮತ್ತು ಅಪರ್ಚರ್ ಎರಡನ್ನೂ ಕೈಯಿಂದಲೇ ಹೊಂದಿಸಬೇಕು. ಸೂಕ್ತ ಅಡಾಪ್ಟರ್ ಇದ್ದರೆ ಇವುಗಳನ್ನು ಇಂದಿನ ಹಲವು ಡಿಜಿಟಲ್ ಕ್ಯಾಮೆರಾಗಳಲ್ಲಿ ಬಳಸಬಹುದು.

ಹಿನ್ನೆಲೆ

ಪೂರ್ವ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾದ ಕಾಂಟ್ಯಾಕ್ಸ್ ಎಸ್ ಮತ್ತು ಪ್ರಾಕ್ಟಿಕಾ ಕ್ಯಾಮೆರಾಗಳ ಮೂಲಕ ೧೯೪೯ರ ಸುಮಾರಿಗೆ ಈ ವ್ಯವಸ್ಥೆ ಬಳಕೆಗೆ ಬಂದಿತು. ೧೯೫೭ರಲ್ಲಿ ಜಪಾನಿನ ಅಸಾಹಿ ಸಂಸ್ಥೆ ತನ್ನ ಪೆಂಟ್ಯಾಕ್ಸ್ ಕ್ಯಾಮೆರಾಕ್ಕೆ ಇದನ್ನೇ ಅಳವಡಿಸಿಕೊಂಡಿತು. ಸೋವಿಯತ್ ಒಕ್ಕೂಟದ ಹೀಲಿಯಾಸ್-೪೪, ಜಪಾನಿನ ಟಾಕುಮಾರ್ ಮೊದಲಾದ ಮಸೂರಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾದುದರಿಂದ ಇಂದಿಗೂ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ದೊರೆಯುತ್ತವೆ.

ಫ್ಲೇಂಜ್ ದೂರ

ಮಸೂರವು ಕೂರುವ ಲೋಹದ ಬಳೆಯಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗಿನ ಅಂತರವನ್ನು ಫ್ಲೇಂಜ್ ದೂರ ಎನ್ನುತ್ತಾರೆ. ಹಳೆಯ ಮಸೂರ ಹೊಸ ಕ್ಯಾಮೆರಾಕ್ಕೆ ಒಗ್ಗುವುದೇ ಇಲ್ಲವೇ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಇದೇ. ಎಂ೪೨ರಲ್ಲಿ ಈ ದೂರ ೪೫.೪೬ ಮಿ.ಮೀ. ಕ್ಯಾಮೆರಾದ ದೂರ ಇದಕ್ಕಿಂತ ಕಡಿಮೆ ಇದ್ದರೆ ಉಳಿದ ಅಂತರವನ್ನು ಅಡಾಪ್ಟರ್ ತುಂಬುತ್ತದೆ. ಹೆಚ್ಚಿದ್ದರೆ ಮಸೂರವನ್ನು ಸೆನ್ಸರ್‌ನ ಸಮೀಪಕ್ಕೆ ತರಲು ದಾರಿಯಿಲ್ಲ.

ಕ್ಯಾನನ್ ಇಎಫ್ ವ್ಯವಸ್ಥೆಯ ದೂರ ೪೪ ಮಿ.ಮೀ. ಆದ್ದರಿಂದ ಅಲ್ಲಿ ತೆಳುವಾದ ಲೋಹದ ಬಳೆಯೊಂದೇ ಸಾಕು. ಪೆಂಟ್ಯಾಕ್ಸ್ ೧೯೭೫ರಲ್ಲಿ ಕೆ ಜೋಡಣೆಗೆ ಬದಲಾದಾಗ ೪೫.೪೬ ಮಿ.ಮೀ. ದೂರವನ್ನು ಹಾಗೆಯೇ ಉಳಿಸಿಕೊಂಡುದರಿಂದ ಅದರ ಡಿಜಿಟಲ್ ಕ್ಯಾಮೆರಾಗಳಲ್ಲಿಯೂ ತೊಡಕಿಲ್ಲ. ನಿಕಾನ್ ಎಫ್‌ನಲ್ಲಿ ಮಾತ್ರ ಈ ದೂರ ೪೬.೫ ಮಿ.ಮೀ. ಕೇವಲ ೧.೦೪ ಮಿ.ಮೀ. ವ್ಯತ್ಯಾಸವಾದರೂ ಅದರ ಪರಿಣಾಮ ದೊಡ್ಡದು: ೫೦ ಮಿ.ಮೀ. ಮಸೂರವು ಸುಮಾರು ಎರಡೂವರೆ ಮೀಟರ್‌ಗಿಂತ ಆಚೆಗಿನ ಯಾವುದನ್ನೂ ಸ್ಪಷ್ಟವಾಗಿ ಮೂಡಿಸಲಾರದು. ಹೂವು, ಕೀಟಗಳ ಚಿತ್ರಗಳಿಗೆ ಅಡ್ಡಿಯಿಲ್ಲ. ಬೆಟ್ಟದ ನೋಟಕ್ಕೆ ಅದು ನಿರುಪಯೋಗಿ. ಗಾಜು ಅಳವಡಿಸಿದ ಅಡಾಪ್ಟರ್‌ಗಳು ಈ ಕೊರತೆಯನ್ನು ನೀಗುತ್ತವೆಯಾದರೂ ಅಗ್ಗದವು ಚಿತ್ರದ ಗುಣಮಟ್ಟವನ್ನು ಎದ್ದು ಕಾಣುವಷ್ಟು ಕುಗ್ಗಿಸುತ್ತವೆ.

ಕನ್ನಡಿರಹಿತ ಕ್ಯಾಮೆರಾಗಳು ಬಂದ ಮೇಲೆ ಈ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಿತು. ಸೋನಿ ಇ ವ್ಯವಸ್ಥೆಯಲ್ಲಿ ಫ್ಲೇಂಜ್ ದೂರ ೧೮ ಮಿ.ಮೀ., ನಿಕಾನ್ ಝಡ್‌ನಲ್ಲಿ ೧೬ ಮಿ.ಮೀ. ಮಾತ್ರ. ಸೋನಿಗೆ ಬೇಕಾದ ಅಡಾಪ್ಟರ್ ೨೭.೪೬ ಮಿ.ಮೀ. ಉದ್ದದ ಟೊಳ್ಳು ಕೊಳವೆಯಷ್ಟೆ.

ಬಳಕೆ

ಮಸೂರಕ್ಕೂ ಕ್ಯಾಮೆರಾಕ್ಕೂ ವಿದ್ಯುತ್ ಸಂಪರ್ಕ ಇರುವುದಿಲ್ಲ. ಮಸೂರವೇ ಇಲ್ಲವೆಂದು ಭಾವಿಸಿ ಕೆಲವು ಕ್ಯಾಮೆರಾಗಳು ಷಟರ್ ತೆರೆಯಲು ನಿರಾಕರಿಸುತ್ತವೆ. ಮಸೂರವಿಲ್ಲದೆಯೂ ಚಿತ್ರ ತೆಗೆಯಲು ಅನುಮತಿಸುವ ಆಯ್ಕೆಯನ್ನು ಮೆನುವಿನಲ್ಲಿ ಸಕ್ರಿಯಗೊಳಿಸಬೇಕು. ಅಪರ್ಚರನ್ನು ಮಸೂರದ ಉಂಗುರದಲ್ಲಿ ಹೊಂದಿಸಿದ ಮೇಲೆ ಬಹುತೇಕ ಕ್ಯಾಮೆರಾಗಳು ಷಟರ್ ವೇಗವನ್ನು ತಾವೇ ಲೆಕ್ಕಹಾಕುತ್ತವೆ. ಅಪರ್ಚರನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ನಂತರ ಬೇಕಾದಷ್ಟು ಕಿರಿದುಗೊಳಿಸುವುದು ರೂಢಿ. ದೃಶ್ಯವನ್ನು ಹಿಗ್ಗಿಸಿ ನೋಡುವ ಸೌಲಭ್ಯ ಹಾಗೂ ಸ್ಪಷ್ಟವಾಗಿರುವ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಫೋಕಸ್ ಪೀಕಿಂಗ್ ಇಲ್ಲಿ ನೆರವಾಗುತ್ತವೆ.

ಎಪಿಎಸ್-ಸಿ ಸೆನ್ಸರ್‌ನಲ್ಲಿ ೫೦ ಮಿ.ಮೀ. ಮಸೂರದ ನೋಟ ಫಿಲ್ಮ್‌ನಲ್ಲಿ ೭೫ ಮಿ.ಮೀ. ಮಸೂರದಷ್ಟು ಕಿರಿದಾಗುತ್ತದೆ (ಕ್ಯಾನನ್‌ನಲ್ಲಿ ೮೦). ಕ್ಯಾಮೆರಾದೊಳಗಿನ ಕಂಪನ ನಿವಾರಕಕ್ಕೆ ಮಾತ್ರ ಮಸೂರದ ಮೇಲೆ ಬರೆದಿರುವ ನಾಭಿದೂರವನ್ನೇ ನಮೂದಿಸಬೇಕು, ಈ ಗುಣಿಸಿದ ಸಂಖ್ಯೆಯನ್ನಲ್ಲ.

ಎಚ್ಚರಿಕೆಗಳು

ಕೆಲವು ಮಸೂರಗಳ ಹಿಂಭಾಗವು ಅನಂತ ದೂರಕ್ಕೆ ಫೋಕಸ್ ಮಾಡಿದಾಗ ಒಳಕ್ಕೆ ಚಾಚಿಕೊಳ್ಳುತ್ತದೆ. ಪೂರ್ಣ ಚೌಕಟ್ಟಿನ ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಮೇಲೇಳುವ ಕನ್ನಡಿ ಅದಕ್ಕೆ ಬಡಿದು ಹಾನಿಗೊಳಗಾಗಬಹುದು. ಸ್ವಯಂಚಾಲಿತ ಅಪರ್ಚರ್‌ನ ಮಸೂರಗಳ ಹಿಂಬದಿಯಲ್ಲಿ ಒಂದು ಸಣ್ಣ ಕಡ್ಡಿ ಇರುತ್ತದೆ. ಕೈಚಾಲಿತ ಸ್ಥಿತಿಗೆ ಬದಲಿಸುವ ಗುಂಡಿ ಮಸೂರದಲ್ಲಿ ಇಲ್ಲದಿದ್ದರೆ ಕಡ್ಡಿಯನ್ನು ಒತ್ತಿಹಿಡಿಯುವ ಅಂಚುಳ್ಳ ಅಡಾಪ್ಟರನ್ನೇ ಕೊಳ್ಳಬೇಕು, ಇಲ್ಲವಾದರೆ ಅಪರ್ಚರ್ ಸದಾ ತೆರೆದೇ ಇರುತ್ತದೆ.

ತೇವಾಂಶ ಹೆಚ್ಚಿರುವ ಕರಾವಳಿ, ಮಲೆನಾಡುಗಳಂತಹ ಕಡೆ ಗಾಜಿನ ಮೇಲೆ ಬೂಷ್ಟು ಬೆಳೆದು ಲೇಪನವನ್ನು ಕೊರೆಯುತ್ತದೆ. ಕೊಳ್ಳುವ ಮುನ್ನ ಮಸೂರದ ಮೂಲಕ ಟಾರ್ಚ್ ಬೆಳಕು ಹಾಯಿಸಿ ನೋಡಿದರೆ ಅದರ ಎಳೆಗಳು ಗೋಚರಿಸುತ್ತವೆ. ಸೂಪರ್-ಟಾಕುಮಾರ್ ೫೦ ಮಿ.ಮೀ. ಎಫ್/೧.೪ರ ನಂತರದ ಆವೃತ್ತಿಯ ಗಾಜಿನಲ್ಲಿ ವಿಕಿರಣಶೀಲ ಥೋರಿಯಂ ಇದ್ದು, ವರ್ಷಗಳು ಕಳೆದಂತೆ ಅದು ಹಳದಿಗಟ್ಟುತ್ತದೆ. ಇದನ್ನು ದೋಷವೆಂದು ತಳ್ಳಿಹಾಕಬೇಕಿಲ್ಲ. ಅತಿನೇರಳೆ ಬೆಳಕಿನಲ್ಲಿ ಕೆಲವು ದಿನ ಇರಿಸಿದರೆ ಹಳದಿ ಬಹುಪಾಲು ತಿಳಿಯಾಗುತ್ತದೆ.